ಕಲ್ಲು ಹೊರಡುವ ಊರಿನ ಸದ್ದು ಮತ್ತು ಧೂಳು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ಬಂಡೆಗುಡ್ಡದಲ್ಲಿ ಒಂದು ಗುಹೆಯಿದೆ. ಜಗತ್ತಿನಲ್ಲಿ ಬೇರೆಲ್ಲಿಯೂ ಕಂಡುಬಾರದ ಒಂದು ಜಾತಿಯ ಬಾವಲಿ ಆ ಗುಹೆಯೊಳಗೆ ವಾಸಿಸುತ್ತದೆ. 1994ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಅದರ ಹೆಸರಿನಲ್ಲಿಯೇ ಈ ಜಿಲ್ಲೆಯ ಹೆಸರಿದೆ: ಕೋಲಾರದ ಎಲೆಮೂಗಿನ ಬಾವಲಿ. ಹಿಂದೆ ಅದು ಕೋಲಾರದ ಬೆಟ್ಟಸಾಲಿನ ತೇರಹಳ್ಳಿಯಲ್ಲಿಯೂ ಇತ್ತು. ಅನಂತರ ನಡೆದ ಸಮೀಕ್ಷೆಗಳಲ್ಲಿ ಅಲ್ಲಿ ಸಿಗಲಿಲ್ಲ. ಹನುಮನಹಳ್ಳಿಯ ಗುಹೆಯಲ್ಲಿ ಉಳಿದಿರುವವುಗಳ ಸಂಖ್ಯೆ ಇನ್ನೂರಕ್ಕಿಂತ ಕಡಿಮೆಯೆಂದು ಅಂದಾಜು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು ಇದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿಟ್ಟಿದೆ. ಅಪಾಯಕ್ಕೆ ಮುಖ್ಯ ಕಾರಣ ಬೇಟೆಯಲ್ಲ, ರೋಗವೂ ಅಲ್ಲ. ಸುತ್ತಲಿನ ಬಂಡೆಗಳಲ್ಲಿ ನಡೆದ ಕಲ್ಲುಗಣಿಗಾರಿಕೆ.

ಬಾವಲಿಗಳು ದಿಕ್ಕು ಕಂಡುಕೊಳ್ಳಲು ಹೊರಡಿಸುವ ಸದ್ದು ಮನುಷ್ಯನ ಕಿವಿಗೆ ಎಟುಕದ ಎತ್ತರದ ಕಂಪನಸಂಖ್ಯೆಯದು. ಕಲ್ಲು ಕೊರೆಯುವ ಕಂಪ್ರೆಸರಿನ ಸದ್ದು ಬಹುಮಟ್ಟಿಗೆ ಕೆಳಸ್ತರದ್ದು. ಒಂದರಿಂದ ಇನ್ನೊಂದು ನೇರವಾಗಿ ಮುಚ್ಚಿಹೋಗುತ್ತದೆ ಎಂದು ಹೇಳುವುದು ಸರಿಯಲ್ಲ. ಆದರೆ ಸಿಡಿತದ ಕಂಪನಕ್ಕೆ ಬಂಡೆ ಬಿರಿಯುತ್ತದೆ, ಕಲ್ಲು ಸೀಳಲು ಹಚ್ಚುವ ಬೆಂಕಿಯ ಹೊಗೆ ಗುಹೆಯೊಳಗೆ ನುಗ್ಗುತ್ತದೆ, ಹಗಲಿನಲ್ಲಿ ನೇತುಬಿದ್ದು ವಿಶ್ರಮಿಸಬೇಕಾದ ಜೀವಿ ಬೆದರಿ ಹೊರಬೀಳುತ್ತದೆ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುವ ಪ್ರಾಣಿಗೆ ಇಂಥ ಕೆಲವು ವರ್ಷಗಳು ಸಾಕು. ಇರುಳಿಡೀ ಕೀಟಗಳನ್ನು ತಿನ್ನುವ ಈ ಪ್ರಾಣಿಗಳಿಂದ ಸುತ್ತಲಿನ ಹೊಲಗಳಿಗೆ ಆಗುತ್ತಿರುವ ಉಪಕಾರವನ್ನು ಯಾವ ಯೋಜನಾ ವರದಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬಾವಲಿಯ ಪ್ರಸ್ತಾಪದಿಂದ ಮಾತನ್ನು ಆರಂಭಿಸಿದ್ದಕ್ಕೆ ಕಾರಣವಿದೆ. ನಿರ್ಮಾಣ ಕಾಮಗಾರಿಗಳ ಪರಿಸರಹಾನಿಯೆಂದೊಡನೆ ನಗರದಲ್ಲಿ ಏಳುತ್ತಿರುವ ಕಟ್ಟಡ, ಅದರ ಸುತ್ತಲಿನ ಹಸಿರು ಬಲೆ, ಪಕ್ಕದ ಮನೆಯವರ ತಕರಾರು ಕಣ್ಣಿಗೆ ಬರುತ್ತವೆ. ಆ ಕಟ್ಟಡದ ಜಲ್ಲಿ ಎಲ್ಲಿ ಒಡೆಯಿತು, ಮಣ್ಣು ಯಾವ ಕೆರೆಯಿಂದ ಬಂತು, ಇಟ್ಟಿಗೆ ಯಾರ ಹೊಲದ ಮೇಲ್ಮಣ್ಣಿನಿಂದಾಯಿತು ಎಂಬುದು ಕಣ್ಣಿಗೆ ಬರುವುದಿಲ್ಲ. ಬೆಂಗಳೂರಿನ ಮಗ್ಗುಲಲ್ಲಿರುವ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಸಾಮಗ್ರಿ ಹೊರಡುವ ಊರುಗಳು. ಟೇಕಲ್‌ನ ಕಲ್ಲುಚಪ್ಪಡಿ, ಮಾಲೂರಿನ ಹೆಂಚು ಮತ್ತು ಇಟ್ಟಿಗೆ ಬಹುಕಾಲದಿಂದ ಹೆಸರು ಮಾಡಿದವು. ಈಗ ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಿಂದಾಗಿ ಕಟ್ಟುವ ಕೆಲಸವೂ ಇಲ್ಲಿಗೇ ಬಂದಿದೆ. ಹೀಗೆ ಈ ತಾಲ್ಲೂಕುಗಳಿಗೆ ತೊಂದರೆ ಎರಡು ಕಡೆಯಿಂದ.

ಇದನ್ನು ಕಡಿಮೆ ಮಾಡಲು ಸಾಧ್ಯವೇ? ಸಾಧ್ಯ. ಆದರೆ ಯಾವಾಗ ಕೇಳುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಯಂತ್ರ ಬಂದು ನಿಂತ ಮೇಲೆ ಕೇಳಿದರೆ ಪ್ರತಿಯೊಂದು ಬದಲಾವಣೆಗೂ ಗುತ್ತಿಗೆದಾರನು ಖರ್ಚಿನ ಲೆಕ್ಕ ತೋರಿಸುತ್ತಾನೆ. ಟೆಂಡರಿನ ಷರತ್ತಿನಲ್ಲಿ, ಪರಿಸರ ಅನುಮತಿಯ ಪತ್ರದಲ್ಲಿ ಮೊದಲೇ ಬರೆಸಿದ್ದರೆ ಅದೇ ಬದಲಾವಣೆಗೆ ಹೆಚ್ಚಿನ ವೆಚ್ಚವೇ ಇರುವುದಿಲ್ಲ. ಜನರೇಟರನ್ನು ಶಾಲೆಯ ಕಡೆ ಇಡುವುದಕ್ಕೂ ಮಣ್ಣಿನ ರಾಶಿಯ ಹಿಂದೆ ಇಡುವುದಕ್ಕೂ ಇರುವ ವ್ಯತ್ಯಾಸ ನಕ್ಷೆಯ ಮೇಲಿನ ಒಂದು ಗೆರೆ ಮಾತ್ರ.

ಶಬ್ದದ ಲೆಕ್ಕವನ್ನು ವಿದ್ಯಾರ್ಥಿಗಳು ಸ್ವಲ್ಪ ಗಮನಿಸಬೇಕು. ಡೆಸಿಬಲ್ ಎಂಬುದು ಮೊಳ, ಗಜದಂತೆ ನೇರವಾಗಿ ಏರುವ ಅಳತೆಯಲ್ಲ. ಮೂರು ಡೆಸಿಬಲ್ ಹೆಚ್ಚಿತೆಂದರೆ ಶಬ್ದದ ಶಕ್ತಿ ಇಮ್ಮಡಿಯಾಯಿತೆಂದೇ ಅರ್ಥ. ಬಯಲಿನಲ್ಲಿ ಒಂದೆಡೆ ನಿಂತ ಯಂತ್ರದಿಂದ ದೂರ ಇಮ್ಮಡಿಯಾದಂತೆಲ್ಲ ಶಬ್ದ ಸುಮಾರು ಆರು ಡೆಸಿಬಲ್ ಇಳಿಯುತ್ತದೆ. 15 ಮೀಟರ್ ದೂರದಲ್ಲಿ 85 ಡೆಸಿಬಲ್ ಸದ್ದು ಮಾಡುವ ದೊಡ್ಡ ಯಂತ್ರವೊಂದನ್ನು ತೆಗೆದುಕೊಳ್ಳಿ. 30 ಮೀಟರಿನಲ್ಲಿ ಅದು 79, 60ರಲ್ಲಿ 73, 120ರಲ್ಲಿ 67, 240ರಲ್ಲಿ 61, 480 ಮೀಟರಿನಲ್ಲಿ 55. ಅಂದರೆ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ದೂರ ಹೋದ ಮೇಲೆ ಆ ಸದ್ದು, 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ ಗೊತ್ತುಪಡಿಸಿದ 55 ಡೆಸಿಬಲ್ ಮಿತಿಗೆ ಇಳಿಯುತ್ತದೆ. ರಾತ್ರಿಯ ಮಿತಿ 45. ಅದಕ್ಕೆ ಒಂದೂವರೆ ಕಿಲೋಮೀಟರ್ ಬೇಕು. ಇದು ಒಂದೇ ಯಂತ್ರದ ಲೆಕ್ಕ. ಬೆಟ್ಟದ ತಪ್ಪಲಿನ ಊರುಗಳಲ್ಲಿ ಎದುರಿನ ಬಂಡೆಗೆ ತಾಗಿ ಮರಳುವ ಸದ್ದು ಇದಕ್ಕೆ ಸೇರಿಕೊಳ್ಳುತ್ತದೆ. ಗಾಳಿಯಿಲ್ಲದ ಚಳಿಗಾಲದ ರಾತ್ರಿ ನೆಲದ ಹತ್ತಿರ ತಂಪು ಗಾಳಿ ಕಟ್ಟಿಕೊಂಡಾಗ ದೂರದ ಸದ್ದು ಹತ್ತಿರದಲ್ಲಿಯೇ ಇದ್ದಂತೆ ಕೇಳುವುದು ಬೆಟ್ಟದ ಜನರಿಗೆ ಗೊತ್ತಿರುವ ಸಂಗತಿ.

ರಾತ್ರಿ ಎಂದರೆ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ. 2010ರ ತಿದ್ದುಪಡಿಯ ಮೇಲೆ, ಸದ್ದು ಮಾಡುವ ನಿರ್ಮಾಣ ಯಂತ್ರಗಳನ್ನು ವಸತಿ ಪ್ರದೇಶಗಳಲ್ಲಿಯೂ ನಿಶ್ಶಬ್ದ ವಲಯಗಳಲ್ಲಿಯೂ ಆ ವೇಳೆಯಲ್ಲಿ ನಡೆಸುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನೂರು ಮೀಟರನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಅಧಿಸೂಚಿಸಿದ್ದರೆ, ಅಲ್ಲಿ ಹಗಲಿನಲ್ಲಿಯೂ 50 ಡೆಸಿಬಲ್ ಮೀರಬಾರದು. ಇಷ್ಟು ಸ್ಪಷ್ಟವಾದ ನಿಯಮ ಹಳ್ಳಿಗಳಲ್ಲಿ ಬಹುತೇಕ ಅಪರಿಚಿತವಾಗಿಯೇ ಉಳಿದಿದೆ. ಶಬ್ದಮಾಲಿನ್ಯವೆಂದರೆ ಧ್ವನಿವರ್ಧಕ ಎಂದಷ್ಟೇ ಜನರೂ, ಪೊಲೀಸರೂ ತಿಳಿದಿರುವುದು ದುರದೃಷ್ಟಕರ.

ಕಡಿಮೆ ಮಾಡುವ ಉಪಾಯಗಳಲ್ಲಿ ಅಗ್ಗವಾದುದು ಮಣ್ಣೇ. ಹೇಗೂ ಕಾಮಗಾರಿಗೆ ಮುನ್ನ ಮೇಲ್ಮಣ್ಣನ್ನು ಕೆರೆದು ತೆಗೆಯಬೇಕು. ಆ ಮಣ್ಣನ್ನು ಊರಿನ ಕಡೆಗೆ ಬದುವಿನಂತೆ ಏರಿಸಿದರೆ, ಯಂತ್ರ ಕಣ್ಣಿಗೆ ಕಾಣದಷ್ಟು ಎತ್ತರವಾದರೂ ಸಾಕು, ಐದರಿಂದ ಹತ್ತು ಡೆಸಿಬಲ್ ಇಳಿಯುತ್ತದೆ. ಆ ಬದುವಿನ ಮೇಲೆ ಹುರುಳಿಯನ್ನೋ ಸೆಣಬನ್ನೋ ಬಿತ್ತಿದರೆ ಮಣ್ಣು ಕೊಚ್ಚಿಹೋಗುವುದಿಲ್ಲ, ಅದರ ಜೀವವೂ ಸಾಯುವುದಿಲ್ಲ. ರಾಶಿಯನ್ನು ಎರಡು ಮೀಟರಿಗಿಂತ ಎತ್ತರಿಸಬಾರದು. ಒಳಗೆ ಗಾಳಿಯಾಡದೆ ಸೂಕ್ಷ್ಮಜೀವಿಗಳು ನಶಿಸುತ್ತವೆ. ಕಾಮಗಾರಿ ಮುಗಿದ ಮೇಲೆ ಅದೇ ಮಣ್ಣನ್ನು ಮರಳಿ ಹರಡಬೇಕು. ಒಂದು ಅಂಗುಲ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷ ಹಿಡಿಯುತ್ತದೆಂಬ ಮಾತನ್ನು ಶಾಲೆಯ ಪುಸ್ತಕದಲ್ಲಿ ಓದಿ, ಅದೇ ಮಣ್ಣನ್ನು ಟ್ರಾಕ್ಟರ್ ಲೋಡಿನ ಲೆಕ್ಕದಲ್ಲಿ ಇಟ್ಟಿಗೆ ಗೂಡಿಗೆ ಮಾರುವ ವಿಪರ್ಯಾಸ ಮಾಲೂರಿನ ಸುತ್ತಮುತ್ತ ಇಂದಿಗೂ ಇದೆ.

ಧೂಳಿನ ವಿಷಯ ಇದಕ್ಕಿಂತ ಗಂಭೀರವಾದುದು. ಅದು ಬೆಳೆಗೆ ತಗಲುವಂಥದು. ಶ್ರೀನಿವಾಸಪುರದ ಮಾವಿನ ತೋಪುಗಳು ಹೂ ಬಿಡುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಮಳೆ ನಿಂತು ನೆಲ ಒಣಗಿ ಕಾಮಗಾರಿಗಳು ಭರದಿಂದ ನಡೆಯುವುದೂ ಆಗಲೇ. ಹೂಗೊಂಚಲಿನ ಮೇಲೆ ಜಲ್ಲಿಪುಡಿ ಕೂತರೆ ನೊಣ, ಜೇನುಗಳ ಮೂಲಕ ನಡೆಯಬೇಕಾದ ಪರಾಗಸ್ಪರ್ಶಕ್ಕೆ ಅಡ್ಡಿ. ಜಿಗಿಹುಳು ಬಿದ್ದ ತೋಪಾದರೆ ಅದು ಸುರಿಸುವ ಸಿಹಿ ಅಂಟಿಗೆ ಧೂಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಎಲೆಯ ಉಸಿರುರಂಧ್ರಗಳು ಮುಚ್ಚಿ ಮರದ ಆಹಾರೋತ್ಪಾದನೆ ಕುಗ್ಗುತ್ತದೆ. ಕಾಯಿ ಕಚ್ಚದಿದ್ದುದಕ್ಕೆ ರೈತನು ಮೋಡವನ್ನೋ ಔಷಧಿಯನ್ನೋ ದೂರುತ್ತಾನೆ. ಧೂಳನ್ನು ಅನುಮಾನಿಸುವವರು ಕಡಿಮೆ.

ಇಟ್ಟಿಗೆ ಗೂಡಿನ ಹೊಗೆಗೂ ಮಾವಿಗೂ ಇರುವ ವೈರ ಹಳೆಯದು. ಹಣ್ಣಿನ ತುದಿ ಕಪ್ಪಾಗಿ ಗಟ್ಟಿಯಾಗುವ 'ಕಪ್ಪು ತುದಿ' ವಿಕಾರವು ಉತ್ತರ ಭಾರತದ ತೋಪುಗಳಲ್ಲಿ ಬ್ರಿಟಿಷರ ಕಾಲದಿಂದಲೂ ದಾಖಲಾಗಿದೆ. ಗೂಡಿನ ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡ್, ಎಥಿಲೀನ್ ಮುಂತಾದ ಅನಿಲಗಳು ಅದಕ್ಕೆ ಕಾರಣ. ಕಾಯಿ ಎಳೆಯದಿರುವಾಗ ಬೊರಾಕ್ಸ್ ದ್ರಾವಣ ಸಿಂಪಡಿಸುವ ಪರಿಹಾರವಿದೆಯಾದರೂ ಸರಿಯಾದ ಪರಿಹಾರ ದೂರವೇ. 2022ರ ಫೆಬ್ರವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಅಧಿಸೂಚನೆಯು ಇಟ್ಟಿಗೆ ಗೂಡು ಜನವಸತಿಯಿಂದಲೂ ಹಣ್ಣಿನ ತೋಟಗಳಿಂದಲೂ ಕನಿಷ್ಠ 800 ಮೀಟರ್ ದೂರವಿರಬೇಕೆಂದು ವಿಧಿಸಿದೆ. ಹಣ್ಣಿನ ತೋಟವೆಂಬ ಮಾತು ಅಲ್ಲಿ ಸ್ಪಷ್ಟವಾಗಿಯೇ ಇದೆ. ಹೊಸ ಗೂಡಿಗೆ ಅರ್ಜಿ ಬಂದಾಗ ಪಂಚಾಯಿತಿಯವರು ಮೊದಲು ಅಳೆಯಬೇಕಾದುದು ಅದನ್ನು.

ಹಿಪ್ಪುನೇರಳೆಯ ಸಂಗತಿ ಇನ್ನೂ ಸೂಕ್ಷ್ಮ. ರೇಷ್ಮೆಹುಳುವಿಗೆ ಧೂಳು ಹಿಡಿದ ಸೊಪ್ಪು ಹಾಕಬಾರದೆಂದು ಕೋಲಾರದ ರೇಷ್ಮೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟಿಪ್ಪರ್ ಓಡಾಡುವ ರಸ್ತೆಯ ಬದಿಯ ಸಾಲುಗಳನ್ನು ಅವರು ಕೊಯ್ಯದೆ ಬಿಡುತ್ತಾರೆ. ಆ ನಷ್ಟ ಯಾವ ಪರಿಹಾರದ ಪಟ್ಟಿಯಲ್ಲಿಯೂ ಸೇರುವುದಿಲ್ಲ. ಚೀನಾದ ಜೆಜಿಯಾಂಗ್ ಪ್ರಾಂತದಲ್ಲಿ 1982ರ ವಸಂತದಲ್ಲಿ ಇಟ್ಟಿಗೆ, ಹೆಂಚುಗಳ ಗೂಡುಗಳಿಂದ ಹೊರಟ ಫ್ಲೋರೈಡ್ ಹಿಪ್ಪುನೇರಳೆ ಎಲೆಗಳಲ್ಲಿ ಸೇರಿ ರೇಷ್ಮೆಹುಳುಗಳು ಭಾರಿ ಪ್ರಮಾಣದಲ್ಲಿ ಸತ್ತವು. ಅಲ್ಲಿ ಕಂಡುಕೊಂಡ ಉಪಾಯಗಳಲ್ಲೊಂದು ಬಹಳ ಸರಳವಾದುದು: ಹುಳು ಸಾಕುವ ದಿನಗಳಲ್ಲಿ ಗೂಡುಗಳ ಬೆಂಕಿ ಆರಿಸುವುದು. ಉದ್ಯಮವನ್ನು ಮುಚ್ಚಿಸಲಿಲ್ಲ, ಬೆಳೆಯ ಪಂಚಾಂಗಕ್ಕೆ ಅದನ್ನು ಹೊಂದಿಸಿದರು.

ಇದೇ ವಿವೇಕವನ್ನು ಇಲ್ಲಿಗೂ ತರಬಹುದು. ಮಾವಿನ ಹೂವಿನ ಆರೆಂಟು ವಾರಗಳಲ್ಲಿ ತೋಪಿನ ನಡುವಿನ ದಾರಿಯಲ್ಲಿ ಮಣ್ಣು, ಜಲ್ಲಿ ಸಾಗಣೆ ಬೇಡ, ಬೇರೆ ದಾರಿ ಹಿಡಿಯಲಿ. ಸಿಡಿತಕ್ಕೆ ಗೊತ್ತಾದ ಒಂದು ಹೊತ್ತು ಇರಲಿ, ಅದನ್ನು ಹಿಂದಿನ ದಿನವೇ ಡಂಗುರ ಸಾರಲಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ದಿನಗಳಲ್ಲಿ ಶಾಲೆಯ ಪಕ್ಕದ ಕಾಮಗಾರಿ ನಿಲ್ಲಲಿ. ಇವು ಪತ್ರದಲ್ಲಿ ಬರೆಯಿಸಬಹುದಾದ ಷರತ್ತುಗಳು. ಕಾಮಗಾರಿಯ ಒಟ್ಟು ಅವಧಿಯಲ್ಲಿ ಇವುಗಳಿಂದ ಆಗುವ ವಿಳಂಬವು ಬಿಲ್ಲು ಪಾವತಿಯಾಗದೆ ಆಗುವ ವಿಳಂಬಕ್ಕಿಂತ ಖಂಡಿತ ಕಡಿಮೆ.

ಇನ್ನು ಹೆದ್ದಾರಿಯ ಮಣ್ಣಿನ ಮಾತು. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳನ್ನು ಹಾದುಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗೆ 2022ರ ಮೇ 26ರಂದು ಶಂಕುಸ್ಥಾಪನೆಯಾಯಿತು. ಕರ್ನಾಟಕದ ಭಾಗ ಸುಮಾರು 71 ಕಿಲೋಮೀಟರ್; 2024ರ ಕೊನೆಯ ಹೊತ್ತಿಗೆ ಅದರ ಮೇಲೆ ವಾಹನಗಳು ಓಡತೊಡಗಿದವು. ಇಂಥ ರಸ್ತೆಗೆ ಎಷ್ಟು ಮಣ್ಣು ಬೇಕು? ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಮೇಲ್ಭಾಗ 25 ಮೀಟರ್ ಅಗಲ, ಎತ್ತರ 3 ಮೀಟರ್, ಇಕ್ಕೆಲದ ಇಳಿಜಾರು ಒಂದಕ್ಕೆ ಎರಡು ಎಂದಿಟ್ಟುಕೊಂಡರೆ ಒಂದು ಕಿಲೋಮೀಟರ್ ಏರಿಗೆ 93 ಸಾವಿರ ಘನಮೀಟರ್. ಟಿಪ್ಪರೊಂದಕ್ಕೆ 12 ಘನಮೀಟರ್ ಎಂದರೆ 7,750 ಲೋಡು. ಹೋಗಿ ಬರುವುದು ಸೇರಿ 15,500 ಓಡಾಟ. ಒಂದು ವರ್ಷದ 300 ದಿನಗಳಿಗೆ, ದಿನಕ್ಕೆ ಹತ್ತು ಗಂಟೆಗಳಿಗೆ ಹಂಚಿದರೆ ಹನ್ನೆರಡು ನಿಮಿಷಕ್ಕೊಂದು. ಒಂದೇ ಕೆರೆಯಂಗಳದಿಂದ ಹತ್ತು ಕಿಲೋಮೀಟರ್ ರಸ್ತೆಗೆ ಮಣ್ಣು ಹೋದರೆ ಆ ಊರಿನ ಬೀದಿಯಲ್ಲಿ ನಿಮಿಷಕ್ಕೊಂದು ಟಿಪ್ಪರ್. ಹೆದ್ದಾರಿಯಿಂದ ಐದಾರು ಮೈಲಿ ದೂರವಿರುವ, ಆ ಹೆದ್ದಾರಿಯಲ್ಲಿ ಎಂದೂ ಪ್ರಯಾಣಿಸದ ಊರು ಅದಾಗಿರಬಹುದು.

ಕೆರೆಯಿಂದ ಮಣ್ಣು ತೆಗೆಯುವುದೇ ತಪ್ಪೆಂದು ಹೇಳಲಾಗದು. ಹೂಳೆತ್ತಿ ಹೊಲಕ್ಕೆ ಹೊಡೆಯುವುದು ಈ ಸೀಮೆಯ ಹಳೆಯ ಪದ್ಧತಿ. ಕೆರೆಗೂ ಲಾಭ, ಹೊಲಕ್ಕೂ ಲಾಭ. ಆದರೆ ಗುತ್ತಿಗೆದಾರನಿಗೆ ಬೇಕಾದುದು ಹೂಳಲ್ಲ. ಹೂಳು ಏರಿಗೆ ಒದಗದ ಮಣ್ಣು. ಅವನು ಹೂಳನ್ನು ಸರಿಸಿ ಕೆಳಗಿನ ಗಟ್ಟಿ ಮಣ್ಣಿಗೆ ಕೈಹಾಕುತ್ತಾನೆ. ತೂಬಿನ ಮಟ್ಟಕ್ಕಿಂತ ಕೆಳಗೆ ಅಗೆದ ಗುಂಡಿಯಲ್ಲಿ ನಿಂತ ನೀರು ಕಾಲುವೆಗೆ ಹರಿಯುವುದಿಲ್ಲ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಂದಿನಿಂದ ಒಂದಾದ ಮೇಲೊಂದರಂತೆ ಕೆರೆಗಳು ತುಂಬಿವೆ. ಹಳೆಯ ಗುಂಡಿಗಳು ನೀರಿನಡಿ ಮರೆಯಾಗಿವೆ, ಈಜಲಿಳಿಯುವ ಮಕ್ಕಳಿಗೆ ಅವು ಕಾಣುವುದಿಲ್ಲ. ಕೆರೆಮಣ್ಣನ್ನು ತೊಳೆದು ಮರಳು ತೆಗೆಯುವ 'ಫಿಲ್ಟರ್ ಮರಳು' ದಂಧೆ ಮಾಡಿಹೋದ ಹಾನಿಯಂತೂ ಎಲ್ಲರಿಗೂ ಗೊತ್ತಿರುವುದೇ. ಡಿ.ಕೆ. ರವಿಯವರು 2013–14ರಲ್ಲಿ ಜಿಲ್ಲಾಧಿಕಾರಿಯಾಗಿದ್ದಾಗ ಅಕ್ರಮ ಮರಳಿನ ವಿರುದ್ಧ ಕೈಗೊಂಡ ಕ್ರಮವನ್ನು ಜನ ಇಂದಿಗೂ ನೆನೆಯುತ್ತಾರೆ.

ರಸ್ತೆ ಮೊದಲಾದ ಉದ್ದನೆಯ ಕಾಮಗಾರಿಗಳಿಗೆ ಮಣ್ಣು ತೆಗೆಯಲು ಪರಿಸರ ಅನುಮತಿಯೇ ಬೇಡವೆಂದು ಕೇಂದ್ರ ಸರ್ಕಾರ 2020ರ ಮಾರ್ಚ್ 28ರಂದು ಅಧಿಸೂಚನೆ ಹೊರಡಿಸಿತ್ತು. ಎಷ್ಟು ಮಣ್ಣು, ಎಲ್ಲಿಂದ ಎಂಬ ಮಿತಿಯೇ ಅದರಲ್ಲಿರಲಿಲ್ಲ. ಸರ್ವೋಚ್ಚ ನ್ಯಾಯಾಲಯವು 2024ರ ಮಾರ್ಚ್ 21ರಂದು ಆ ವಿನಾಯಿತಿಯನ್ನು ರದ್ದುಪಡಿಸಿತು. ಇಂಥ ನಿಯಮಗಳು ಮತ್ತೆ ಮತ್ತೆ ತಿದ್ದುಪಡಿಯಾಗುತ್ತವೆ. ಆದುದರಿಂದ ಕಚೇರಿಗೆ ಹೋದಾಗ ಆ ದಿನ ಜಾರಿಯಲ್ಲಿರುವ ಅಧಿಸೂಚನೆಯ ಪ್ರತಿಯನ್ನೇ ಕೇಳಬೇಕು. ಕಲ್ಲುಗಣಿಯ ವಿಷಯದಲ್ಲಿ 2012ರ ಫೆಬ್ರವರಿ 27ರ ದೀಪಕ್ ಕುಮಾರ್ ಪ್ರಕರಣದ ಆದೇಶವು, ಐದು ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗಳೂ ಪರಿಸರ ಅನುಮತಿ ಪಡೆಯಬೇಕೆಂದು ಹೇಳಿ, ದೊಡ್ಡ ಬೆಟ್ಟವನ್ನು ಸಣ್ಣ ತುಂಡುಗಳಾಗಿ ಹಂಚಿಕೊಂಡು ತಪ್ಪಿಸಿಕೊಳ್ಳುವ ದಾರಿಯನ್ನು ಮುಚ್ಚಿತು.

ಕ್ರಷರುಗಳಿಗೆ ರಾಜ್ಯದಲ್ಲಿ 2011ರ ಪ್ರತ್ಯೇಕ ಅಧಿನಿಯಮವೇ ಇದೆ. ಸುರಕ್ಷಿತ ವಲಯವೆಂದು ಗುರುತಿಸಿದ ಕಡೆಯಲ್ಲಿ ಮಾತ್ರ ಅವು ನಡೆಯಬೇಕು. ಪರಿಸರ ಸಂರಕ್ಷಣಾ ನಿಯಮಗಳು ಕ್ರಷರಿನಲ್ಲಿ ಇರಲೇಬೇಕೆಂದು ಹೇಳುವುದು ಇಷ್ಟು: ಧೂಳನ್ನು ಹಿಡಿದಿಡುವ ಮುಚ್ಚಳ ಮತ್ತು ನೀರಿನ ಸಿಂಪಡಣೆ, ಗಾಳಿತಡೆ ಗೋಡೆ, ಆವರಣದೊಳಗೆ ಗಟ್ಟಿ ರಸ್ತೆ, ನೆಲವನ್ನು ಗುಡಿಸಿ ತೇವವಾಗಿಡುವುದು, ಸುತ್ತಲೂ ಹಸಿರು ಪಟ್ಟಿ. ಈ ಐದನ್ನೂ ರಸ್ತೆಯಲ್ಲಿ ನಿಂತೇ ನೋಡಬಹುದು, ಯಾವ ಉಪಕರಣವೂ ಬೇಡ. ನೀರು ಎಲ್ಲಿಂದ ತರುವುದೆಂಬುದು ಮಾಲೀಕರ ಪ್ರಶ್ನೆ. ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರನ್ನು ರಸ್ತೆಗೆ ಚೆಲ್ಲುವುದು ಅನ್ಯಾಯವೇ ಸರಿ. ಸಂಸ್ಕರಿಸಿದ ನೀರಿಗೆ ಇದಕ್ಕಿಂತ ಯೋಗ್ಯವಾದ ಉಪಯೋಗ ಬೇರೊಂದಿಲ್ಲ. ನೀರಿಲ್ಲದೆಯೂ ಆಗುವ ಕೆಲಸವೊಂದಿದೆ. ಕಚ್ಚಾ ರಸ್ತೆಯಲ್ಲಿ ಟಿಪ್ಪರಿನ ವೇಗ ನಲವತ್ತರಿಂದ ಇಪ್ಪತ್ತಕ್ಕಿಳಿದರೆ ಏಳುವ ಧೂಳು ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಆದರೆ ಚಾಲಕನಿಗೆ ಲೋಡಿನ ಲೆಕ್ಕದಲ್ಲಿ ಕೂಲಿ ಕೊಡುತ್ತಿರುವವರೆಗೆ ಅವನು ನಿಧಾನವಾಗಿ ಓಡಿಸುವುದಿಲ್ಲ, ತಪ್ಪು ಚಾಲಕನದಲ್ಲ.

ಕ್ರಷರಿನೊಳಗೆ ದುಡಿಯುವವರನ್ನು ಮರೆಯಬಾರದು. ಗ್ರಾನೈಟ್ ಧೂಳಿನ ಸಿಲಿಕಾ ಶ್ವಾಸಕೋಶವನ್ನು ಗಟ್ಟಿಗೊಳಿಸುತ್ತದೆ. ಆ ರೋಗಕ್ಕೆ ಮದ್ದಿಲ್ಲ. ಒಣ ಕೊರೆತದ ಬದಲು ನೀರು ಹಾಯಿಸಿ ಕೊರೆದರೆ ಅದರ ಬಹುಪಾಲನ್ನು ತಡೆಯಬಹುದು. ಸಿಡಿಮದ್ದಿನ ಅಪಾಯವೂ ಮೊದಲು ಅವರದೇ. ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರವರಿಯಲ್ಲಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು.

ಸಿಡಿತದಿಂದ ಗೋಡೆ ಬಿರುಕುಬಿಟ್ಟಿತೆಂದರೆ, ಹಳೆಯ ಮನೆ, ತಾನೇ ಬಿರಿದಿದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಂಪನವನ್ನು ಅಳೆಯಲು ಬರುತ್ತದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 1997ರಲ್ಲಿಯೇ ಅದಕ್ಕೆ ಮಿತಿಗಳನ್ನು ಗೊತ್ತುಪಡಿಸಿದೆ. ನಿಧಾನಗತಿಯ ಕಂಪನಕ್ಕೆ ಊರಿನ ಮನೆಗಳ ಬಳಿ ಸೆಕೆಂಡಿಗೆ 5 ಮಿಲಿಮೀಟರ್. ಅಳೆಯುವ ವಿದ್ಯೆ ದೂರದಿಂದ ಬಂದುದೂ ಅಲ್ಲ: ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯು 1988ರಲ್ಲಿ ಆರಂಭವಾದದ್ದು ಇದೇ ಜಿಲ್ಲೆಯ ಕೆಜಿಎಫ್‌ನಲ್ಲಿ. ಗಣಿ ಶುರುವಾಗುವ ಮುನ್ನ ಪ್ರತಿ ಮನೆಯ ಗೋಡೆಯ ಛಾಯಾಚಿತ್ರವನ್ನು ದಿನಾಂಕ ಸಹಿತ ತೆಗೆದಿಟ್ಟುಕೊಳ್ಳುವುದು ವಿದ್ಯಾರ್ಥಿಗಳು ಒಂದು ಭಾನುವಾರದಲ್ಲಿ ಮುಗಿಸಬಹುದಾದ ಕೆಲಸ. ಆಮೇಲೆ ತೆಗೆದ ಚಿತ್ರಕ್ಕೆ ಬೆಲೆಯಿಲ್ಲ.

ಕೊನೆಗೆ ಕಾಗದಪತ್ರದ ಮಾತು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆಗೆ ಮೂವತ್ತು ದಿನ ಮುಂಚಿತವಾಗಿ ಪ್ರಕಟಣೆ ಹೊರಡಬೇಕು. ಅನುಮತಿ ದೊರೆತ ಮೇಲೆ ಅದರ ಪ್ರತಿಯನ್ನು ಪಂಚಾಯಿತಿಗೆ ಕೊಡಬೇಕು, ಪಂಚಾಯಿತಿ ಅದನ್ನು ಮೂವತ್ತು ದಿನ ಫಲಕದಲ್ಲಿ ಹಾಕಬೇಕು. ಅನುಮತಿ ಬೇಕಾದ ನಿರ್ಮಾಣ ಕಾಮಗಾರಿಗಳಿಗೆ 2018ರ ಜನವರಿಯ ಧೂಳು ನಿಯಂತ್ರಣ ನಿಯಮವೂ ಅನ್ವಯಿಸುತ್ತದೆ: ಅಲ್ಲಿಗೆ ಹೋಗುವ ರಸ್ತೆ ಗಟ್ಟಿಯಾಗಿರಬೇಕು, ಮಣ್ಣು, ಮರಳನ್ನು ತೆರೆದು ಬಿಡುವಂತಿಲ್ಲ, ಕೈಗೊಂಡ ಕ್ರಮಗಳನ್ನು ಜನರಿಗೆ ಕಾಣುವಂತೆ ಫಲಕದಲ್ಲಿ ಬರೆದಿರಬೇಕು. ದೂರು ಕೊಡುವಾಗ 'ಬಹಳ ತೊಂದರೆಯಾಗುತ್ತಿದೆ' ಎಂದು ಬರೆದರೆ ಕಡತ ಮುಂದೆ ಹೋಗುವುದಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಯಾವ ಸರ್ವೆ ನಂಬರಿನಲ್ಲಿ, ಯಾವ ನಂಬರಿನ ಟಿಪ್ಪರ್, ಗಾಳಿ ಯಾವ ಕಡೆಗೆ, ಶಾಲೆಯಿಂದ ಎಷ್ಟು ಮೀಟರ್ ಎಂದು ಬರೆಯಬೇಕು. ಮೊಬೈಲಿನಲ್ಲಿ ಅಳೆದ ಡೆಸಿಬಲ್ ಸಾಕ್ಷ್ಯವಾಗಿ ನಿಲ್ಲದು; ಮಾಲಿನ್ಯ ನಿಯಂತ್ರಣ ಮಂಡಳಿಯವರೇ ಬಂದು ಅಳೆಯಲಿ ಎಂದು ಒತ್ತಾಯಿಸಲು ಅದು ಸಾಕು. ಅನುಮತಿ ಪಡೆದವರು ಷರತ್ತುಗಳನ್ನು ಪಾಲಿಸಿದ ವರದಿಯನ್ನು ವರ್ಷಕ್ಕೆರಡು ಬಾರಿ, ಜೂನ್ 1 ಮತ್ತು ಡಿಸೆಂಬರ್ 1ರಂದು ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ. ಡಿಸೆಂಬರ್ ವರದಿ ಬರುವುದು ಮಾವು ಹೂ ಬಿಡುವ ಮುಂಚೆ. ಆ ತಿಂಗಳ ಮೊದಲ ವಾರದಲ್ಲಿಯೇ ಪ್ರತಿ ಕೇಳಿ ಅರ್ಜಿ ಹಾಕಬೇಕು, ಪಂಚಾಯಿತಿಯಿಂದ ಸ್ವೀಕೃತಿಯ ಮೊಹರನ್ನು ಹಾಕಿಸಿಕೊಂಡೇ ಬರಬೇಕು.